ಹ್ಯಾರಿಸ್ ಪಾರ್ಕಿನಲ್ಲಿ ಎರಡು ರಾಹುಕಾಲ

ಅಕ್ಟೋಬರಿನ ಮೊದಲ ಭಾನುವಾರ ಸಿಡ್ನಿಯ ಗಡಿಯಾರಗಳೆಲ್ಲ ಸರ್ಕಾರದ ಮಾತು ಕೇಳಿ ಒಂದು ಗಂಟೆ ಮುಂದಕ್ಕೆ ಹಾರಿದವು. ರಾಹುವೂ ಹಾರಿದನೋ ಇಲ್ಲವೋ ಎಂಬುದು ಮಾತ್ರ ಹ್ಯಾರಿಸ್ ಪಾರ್ಕ್ ಬಡಾವಣೆಯ ವೆಂಕಟರಾಮಯ್ಯನವರ ಮನೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ.

ಮಗಳು ನಿವೇದಿತಾಗೆ ಮೆಲ್ಬರ್ನಿನಲ್ಲಿ ಮೊದಲ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಸೇರದಿದ್ದರೆ ಆ ಕುರ್ಚಿ ಇನ್ನೊಬ್ಬರ ಪಾಲು. ಅಂದಿನ ರಾತ್ರಿ ಬಸ್ಸು ಹಿಡಿಯಲು ಸಂಜೆ ಐದು ಗಂಟೆಗೆ ಮನೆ ಬಿಡಬೇಕು.

“ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ಐದಕ್ಕೆ ಹೊರಡೋ ಹಾಗೇ ಇಲ್ಲ,” ಎಂದರು ಸೋದರಮಾವ ಡಾಕ್ಟರ್ ನಾರಾಯಣ.

“ಅದು ಹಳೇ ಟೈಮು ಕಣಯ್ಯಾ! ಸೂರ್ಯನ ಲೆಕ್ಕದಲ್ಲಿ ಐದೂವರೆಗೆ ಶುರು,” ಎಂದರು ಇಂಜಿನಿಯರ್ ಅಪ್ಪ.

“ಈ ದೇಶದಲ್ಲಿರೋ ರಾಹು ಈ ದೇಶದ ಟೈಮೇ ಪಾಲಿಸ್ಬೇಕು ಭಾವ.”

“ಅವನಿಗೂ ಇಲ್ಲೇ ಇರೋಕೆ ಪಿಆರ್ ಮಾಡ್ಸಿದೀಯೇನು? ನಿನ್ನ ಪಂಚಾಂಗ ಬೆಂಗಳೂರಿಂದು. ಅಲ್ಲಿ ಇನ್ನೂ ತಿಂಡಿ ಹೊತ್ತು!”

“ನಾಲ್ಕಕ್ಕೇ ಹೊರಟುಬಿಟ್ರೆ...” ಎಂದಳು ನಿವೇದಿತಾ. ಅವಳ ಮೆಲುದನಿ ಎಂದಿನಂತೆ ಯಾರ ಕಿವಿಗೂ ಬೀಳಲಿಲ್ಲ.

ಕೊನೆಗೆ ಅಮ್ಮ ಅನುಸೂಯ ಇಬ್ಬರನ್ನೂ ಗೆಲ್ಲಿಸಿ ಜಗಳ ಬಿಡಿಸಿದರು. “ನಾಲ್ಕೂವರೆಯಿಂದ ಏಳರವರೆಗೂ ರಾಹುಕಾಲ ಅಂದ್ಕೊಳ್ಳಿ. ನಾಳೆ ಹೋಗ್ಲಿ, ಇವತ್ತು ಪ್ರಸ್ಥಾನ ಇಟ್ಟರಾಯ್ತು. ನಿವಿ, ಈಗ್ಲೇ ಬ್ಯಾಗ್ ತಗೊಂಡು ಭಾಗೀರಥಿ ಆಂಟಿ ಮನೇಲಿ ಇಟ್ಟು ಬಾ.”

ಒಳ್ಳೆಯ ಹೊತ್ತಿನಲ್ಲಿ ಬ್ಯಾಗು ಹೊಸ್ತಿಲು ದಾಟಿದರೆ ಪ್ರಯಾಣ ಶುರುವಾದಂತೆಯೇ. ಮನುಷ್ಯ ಆಮೇಲೆ ಯಾವಾಗ ಹೋದರೂ ದೋಷವಿಲ್ಲ. ಆದರೆ ಮೆಲ್ಬರ್ನಿನ ಆಫೀಸಿಗೆ ಬೇಕಾಗಿದ್ದುದು ಬ್ಯಾಗಲ್ಲ.

ಪಕ್ಕದ ಮನೆಯ ಭಾಗೀರಥಿ ಆಂಟಿ ಬಾಗಿಲು ತೆರೆದರು. “ಬ್ಯಾಗ್ ಇಲ್ಲೇ ಬಿಟ್ಟು ಹೋಗ್ತೀಯೇನೇ?”

ನಿವೇದಿತಾ ಹಿಡಿಕೆಯಿಂದ ಕೈ ತೆಗೆಯಲಿಲ್ಲ. “ಇದು ಆಗ್ಲೇ ಹೊರಟುಬಿಟ್ಟಿದೆ ಆಂಟಿ. ಒಂಟಿಯಾಗಿ ಕಳಿಸೋಕೆ ಮನಸ್ಸಿಲ್ಲ.”

ನೇರ ರೈಲ್ವೆ ಸ್ಟೇಷನ್ನಿಗೆ ನಡೆದಳು.

ಬಸ್ ನಿಲ್ದಾಣದಿಂದ ಮನೆಗೆ ಫೋನ್ ಮಾಡಿದಾಗ ಅಪ್ಪನ ಹಿಂದೆ ಮಾವನ ದನಿ ಇನ್ನೂ ರಾಹುವಿಗೆ ಕಾನೂನು ಬೋಧಿಸುತ್ತಿತ್ತು.

“ಅಪ್ಪಾ, ಬಸ್ ಬಂತು. ಹತ್ತುತ್ತಾ ಇದೀನಿ.”

“ಆಂ? ನೀನು ರೂಮಲ್ಲಿ ಮಲಗಿಲ್ವಾ? ಮನೆ ಬಿಟ್ಟಿದ್ದು ಯಾವಾಗ?”

“ನಾಲ್ಕಕ್ಕೆ.”

ಆ ಕಡೆಯಿಂದ ಎರಡು ದನಿ ಒಟ್ಟಿಗೆ: “ಹಳೇ ಟೈಮಾ, ಹೊಸ ಟೈಮಾ?”

“ಬಸ್ಸಿನ ಟೈಮು!”

ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಯಾರೆಂದು ನಿವೇದಿತಾಳೂ ಒಮ್ಮೆ ತಿರುಗಿ ನೋಡಿದಳು.