ಎರವಲು ಗಾಳಿ

ಪ್ರೊಜೆಕ್ಟರಿನ ಬಿಸಿಗಾಳಿ ಮೊಣಕೈಗೆ ಹೊಡೆಯುತ್ತಿದೆ, ಸರಿದು ನಿಲ್ಲಬೇಕು, ಸರಿದರೆ ಪರದೆಗೆ ಅಡ್ಡ ಬರುತ್ತೇನೆ, ಮುಂದಿನ ಬೆಂಚಿನಲ್ಲಿ ಪ್ರೊಫೆಸರು ಕನ್ನಡಕ ಒರೆಸುತ್ತ, ಶುರು ಮಾಡಮ್ಮ, ಈ ಸಲ ನಿನ್ನ ಇಂಟರ್ನ್‌ಶಿಪ್ಪೇ ಎಲ್ಲರಿಗಿಂತ ಅಚ್ಚುಕಟ್ಟು ಅನ್ನುತ್ತಾರೆ — ಓದಲು ಬಂದ ಈ ಪರದೇಶದವರ ಬಾಯಿಂದ ಏನೇ ಬರಲಿ, ನನ್ನ ತಲೆ ಅದನ್ನು ನಮ್ಮ ಮಾತಿಗೆ ತಿರುಗಿಸಿಕೊಂಡೇ ಕೇಳುತ್ತದೆ. ಅಮ್ಮ ಫೋನಿನಲ್ಲಿ ನಕ್ಕಿದ್ದಳು, ಅಭಿವೃದ್ಧಿ ಅಧ್ಯಯನ ಅಂದ್ರೆ ಬಡತನ ಓದೋದಾ, ಅದಕ್ಕೆ ವಿಮಾನ ಹತ್ತಬೇಕಿತ್ತೇನೇ, ನಮ್ಮನೇಲೇ ಬೇಕಾದಷ್ಟಿತ್ತಲ್ಲ, ಪುಕ್ಕಟೆ ಕಲಿಸ್ತಿದ್ದೆ. ಕಲಿಸಿದ್ದಳು ಕೂಡ, ನೆಂಟರು ಬರುತ್ತಾರೆ ಅಂದರೆ ಸಾಕು, ಓಡೇ, ಪಕ್ಕದ್ಮನೆ ಕುರ್ಚಿ ಇಸ್ಕೊಂಡು ಬಾ, ಹಿಂಬಾಗಿಲಿಂದ ತಾ, ಅವರ ಕಣ್ಣಿಗೆ ಬಿದ್ದೀತು, ಆ ಕುರ್ಚಿ ತಲೆ ಮೇಲೆ ಹೊತ್ತು ಓಡಿ ಬರುತ್ತಿದ್ದವಳು ನಾನೇ, ಅಂಥವಳಿಗೆ ಇಂಟರ್ನ್‌ಶಿಪ್ಪಿನ ಊರಲ್ಲಿ ಆ ಇಸ್ತ್ರಿ ಮಾಡುವ ಅಕ್ಕನ ಮನೆಯ ಟೇಬಲ್ ಫ್ಯಾನು ನೋಡಿ ಏನೂ ಹೊಳೆಯಲಿಲ್ಲ ಅಂದರೆ ಯಾರು ನಂಬುತ್ತಾರೆ.

ಬೆಂಕಿಯಂಥ ಮಧ್ಯಾಹ್ನ, ತಲೆ ಮೇಲೆ ಕಾದ ತಗಡು, ಮೂಲೆಯಲ್ಲಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯ ಕಾವು ಬೇರೆ, ಬೇರೆಯವರ ಅಂಗಿಗಳೆಲ್ಲ ಗರಿಗರಿಯಾಗಿ ಮಡಚಿ ಕೂತಿವೆ, ನನ್ನ ಕೈಯಲ್ಲಿ ಟ್ಯಾಬು, ಪಕ್ಕದಲ್ಲಿ ದುಭಾಷಿ ಅಕ್ಕ, ಮನೆಮನೆಗೆ ಹೋಗಿ ಯಾವ ಸಾಮಾನಿದೆ ಅಂತ ಗುರುತು ಹಾಕುವುದೇ ನನ್ನ ಕೆಲಸ, ಫ್ಯಾನಿನಂಥದ್ದು ಏನೂ ಇಲ್ಲದವರಿಗೆ ನಾನು ಇಂಟರ್ನ್‌ಶಿಪ್ಪಿಗೆ ಸೇರಿದ್ದ ಸಂಸ್ಥೆ ತಗಡು ತೆಗೆಸಿ ತಂಪಾದ ಸೂರು ಹಾಕಿಸಿಕೊಡುತ್ತದೆ. ಅಯ್ಯೋ ಮುಖ ಹೇಗೆ ಕೆಂಪಾಗಿದೆ ನೋಡು ಪಾಪ, ಕೂತ್ಕೋ ಮಗಳೇ, ಅಷ್ಟು ದೂರದಿಂದ ಬಂದಿದೀಯ, ಅಂತ ಇಸ್ತ್ರಿ ಅಕ್ಕ ಫ್ಯಾನಿನ ಮುಖವನ್ನು ಪೂರ್ತಿ ನನ್ನ ಕಡೆಗೇ ತಿರುಗಿಸಿ ತಾನು ಗೋಡೆಗೆ ಒರಗಿ ನಿಂತಳು, ಅವಳ ಕತ್ತಿನಿಂದ ಬೆವರು ಇಳಿಯುತ್ತಿತ್ತು, ನಾನು ಹಾಯಾಗಿ ಕೂದಲು ಹಾರಾಡಿಸಿಕೊಂಡು, ಫ್ಯಾನು — ಇದೆ, ಗುರುತು ಹಾಕಿದೆ, ಕಳಿಸಿದೆ. ಕಂಡದ್ದನ್ನು ಬರೆಯಿರಿ, ಕರುಣೆ ಬೆರೆಸಬೇಡಿ, ತರಗತಿಯಲ್ಲಿ ಹೇಳಿಕೊಟ್ಟದ್ದು ಹಾಗೇ. ಹಾಗಾದರೆ ಆಮೇಲೆ ಕಂಡದ್ದು? ಬೀದಿ ತಿರುವಿನಲ್ಲಿ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿ ಹಿಂದೆ ನೋಡಿದರೆ ಇಸ್ತ್ರಿ ಅಕ್ಕ ಫ್ಯಾನನ್ನು ಕೂಸಿನ ಹಾಗೆ ಸೊಂಟಕ್ಕೇರಿಸಿಕೊಂಡು ಎದುರುಮನೆಗೆ ವಾಪಸ್ ಕೊಡಲು ಹೊರಟಿದ್ದಳು, ವೈರು ಮಣ್ಣಿನಲ್ಲಿ ಎಳೆಯುತ್ತಿತ್ತು. ನೋಡಿದೆ, ನೋಡಿಯೂ ನಡೆದೆ, ತಪ್ಪಾಯಿತು ಅಂದರೆ ಸಂಸ್ಥೆಯ ಮೇಲ್ವಿಚಾರಕಿ ಇಡೀ ಬೀದಿ ಮತ್ತೆ ಮಾಡು ಅಂತಾಳೆ, ಅಂಕಕ್ಕೆ ಪೆಟ್ಟು, ನಾಳೆ ಹೇಳಿದರಾಯಿತು, ನಾಳೆ ಅಂತ ಊರೇ ಬಿಟ್ಟು ಬಂದೆ, ವೈರು ಮಾತ್ರ ಜೊತೆಗೇ ಎಳೆಯುತ್ತ ಬಂತು, ಊಟಕ್ಕೆ ಕೂತರೆ ಎಳೆಯುತ್ತದೆ, ತಲೆ ಬಾಚಿಕೊಂಡರೆ ಎಳೆಯುತ್ತದೆ.

ಇವತ್ತು ಬೆಳಿಗ್ಗೆ ದುಭಾಷಿ ಅಕ್ಕನ ಫೋನು, ಆ ಮನೆಗೆ ಸೂರಿಲ್ವಂತೆ ಕಣೇ, ಫ್ಯಾನಿದೆಯಂತಲ್ಲ, ಸಂಜೆಗೆ ಎಲ್ಲ ಅಂತಿಮ ಮಾಡ್ತಾರೆ, ನಾನು ಹೇಳಿದ್ರೆ ಕೇಳಲ್ಲ, ಗುರುತು ಹಾಕಿದವಳು ನೀನು, ನೀನೇ ಹೇಳಬೇಕು, ಇಸ್ತ್ರಿಯವಳು ಬಂದಿದ್ಲು, ಬೈತಾಳೆ ಅಂದ್ಕೊಂಡೆ, ಬೈಲಿಲ್ಲ, ಆ ಮಗುಗೆ ನಮ್ಮನೇಲಿ ಸೆಕೆ ಆಯ್ತೇನೋ, ಗಾಳಿ ಸಾಲಲಿಲ್ವೇನೋ, ಅದಕ್ಕೇ ಬೇಜಾರು ಮಾಡ್ಕೊಂಡ್ಲಾ ಅಂತ ಕೇಳಿದ್ಲು. ನಾನು ಏನಂದೆ, ಕ್ಲಾಸಿಗೆ ಹೊತ್ತಾಯಿತು ಅಕ್ಕಾ ಅಂದೆ. ಹೊತ್ತಾಯಿತು ಅಂದೆನಲ್ಲ, ಥೂ. ಯಾಕಮ್ಮ, ಶುರು ಮಾಡಲ್ವಾ, ನೀರು ಬೇಕಾ, ಅನ್ನುತ್ತಾರೆ ಪ್ರೊಫೆಸರು, ಪಾಪ ಒಳ್ಳೆಯವರು, ಪರದೆಯಲ್ಲಿ ನನ್ನದೇ ಕೆಲಸದ ಬಣ್ಣಬಣ್ಣದ ಗೆರೆಗಳು ಏರುತ್ತಿವೆ ಇಳಿಯುತ್ತಿವೆ, ಸರ್, ನನ್ನ ದನಿಯೇ, ಇಷ್ಟು ಸಣ್ಣಗೆ, ಸರ್, ಶುರು ಮಾಡೋಕೆ ಮುಂಚೆ ಒಂದು ಫೋನ್ ಮಾಡಬೇಕು, ಈಗಲೇ, ಎಲ್ಲರ ಎದುರೇ, ಒಂದು ಮನೆ ತಪ್ಪು ಬರೆದಿದ್ದೇನೆ, ಗೊತ್ತಿದ್ದೂ, ಆ ಫ್ಯಾನು ಅವರದ್ದಲ್ಲ — ಸೊಂಟದ ಮೇಲೆ ಫ್ಯಾನು, ಬೆವರಿಗೆ ಅಂಟಿದ ಬೆನ್ನು, ಹಿಂದೆ ಮಣ್ಣಿನಲ್ಲಿ ವೈರು, ತುದಿಯ ಪ್ಲಗ್ಗು ಕಲ್ಲಿಗೆ ತಾಗಿ, ಹಾರಿ, ಮತ್ತೆ ತಾಗಿ, ವೈರು, ಮಣ್ಣಿನಲ್ಲಿ ವೈರು