ಮೇಷ್ಟ್ರನ್ನು ತಡೆದ ಗೇಟು

ಅಣು ವಿದ್ಯುತ್ ಸ್ಥಾವರದಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಕೆಲಸ ಕಂಟ್ರೋಲ್ ರೂಮಿನ ಹಿರಿಯ ಆಪರೇಟರದು. ಶಿಫ್ಟ್ ಇಲ್ಲದ ದಿನ ಹೊಸಬರಿಗೆ ತರಬೇತಿ ಕೊಟ್ಟೂ ಕೊಟ್ಟೂ ಆ ಹೆಸರು ಅಂಟಿಕೊಂಡಿತ್ತು. ಪಾಠ ಮಾತ್ರ ಒಂದೇ: "ಮೀಟರ್ ತೋರಿಸಿದ್ದನ್ನ ಮೊದಲು ನಂಬ್ರಪ್ಪಾ. ಮೀಟರೇ ಕೆಟ್ಟಿದೆ ಅಂತ ಮನಸ್ಸು ಹೇಳಿದರೆ, ಆ ಮನಸ್ಸಿಗೆ ಬಾಯಿ ಮುಚ್ಚು ಅನ್ನಿ."

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೊಂದು ನರಪಿಳ್ಳೆ ಇರಲಿಲ್ಲ. ದೂರದ ಅಕ್ಕನಿಗೆ ಮೊಮ್ಮಕ್ಕಳ ಗಲಾಟೆ; "ಆಮೇಲೆ ಮಾಡ್ತೀನಿ ಕಣೋ" ಅಂತ ಫೋನ್ ಇಡುತ್ತಿದ್ದಳು, ಆ ಆಮೇಲೆ ಬರುತ್ತಲೇ ಇರಲಿಲ್ಲ. ಕಂಟ್ರೋಲ್ ರೂಮಿನಲ್ಲಾದರೆ ಒಬ್ಬ ಹೇಳಿದ್ದನ್ನು ಇನ್ನೊಬ್ಬ ಗಟ್ಟಿಯಾಗಿ ತಿರುಗಿ ಹೇಳಲೇಬೇಕು, ನಿಯಮ. "ಎರಡನೇ ಪಂಪ್ ಶುರು ಮಾಡು" ಅಂದರೆ "ಎರಡನೇ ಪಂಪ್ ಶುರು ಮಾಡ್ತಿದ್ದೀನಿ" ಅಂತ ಒಂದು ದನಿ ಬಂದೇ ಬರುತ್ತಿತ್ತು. ನಗಬೇಡಿ, ಮೇಷ್ಟ್ರ ಪಾಲಿಗೆ ದಿನದ ಮಾತುಕತೆಯೆಲ್ಲ ಅದೇ.

ಹಾಗಾಗಿಯೇ ಎದೆ ಹಿಡಿದುಕೊಳ್ಳತೊಡಗಿದಾಗ ಯಾರಿಗೂ ಬಾಯಿ ಬಿಡಲಿಲ್ಲ. ಹೃದಯ ಕೆಟ್ಟಿದೆ ಅಂತಾದರೆ ಲೈಸೆನ್ಸ್ ಹೋಗುತ್ತೆ, ಲೈಸೆನ್ಸ್ ಹೋದರೆ ಕುರ್ಚಿ, ಆಮೇಲೆ ಬರೀ ನಾಲ್ಕು ಗೋಡೆ. ಅದನ್ನು ನೆನೆದರೇ ಅವರಿಗೆ ಹೆದರಿಕೆ. ರಜೆ ಹಾಕಿ ಕದ್ದುಮುಚ್ಚಿ ಬೇರೆ ಊರಿನ ಆಸ್ಪತ್ರೆಗೆ ಹೋದರು. ಅಲ್ಲಿ ವಿಕಿರಣ ಸೂಸುವ ಔಷಧಿ ಚುಚ್ಚಿ ಹೃದಯದ ಚಿತ್ರ ತೆಗೆದರು. ಚಿತ್ರದಲ್ಲಿ ಕಂಡದ್ದು ಒಳ್ಳೆಯದೇನಲ್ಲ. "ಔಷಧಿ ಒಂದೆರಡು ದಿನದಲ್ಲಿ ಇಳಿದುಹೋಗುತ್ತೆ" ಅಂದರು ಡಾಕ್ಟರು, ಮೇಷ್ಟ್ರೂ ತಲೆಯಾಡಿಸಿದರು. ಅಯ್ಯೋ, ಯಾರಾದರೂ ಮರೆಯಲಿ, ಇವರು ಮರೆಯೋದೇ! ಸ್ಥಾವರದ ಗೇಟಿನ ಯಂತ್ರ ಚಪ್ಪಲಿಯ ಧೂಳಿನಷ್ಟು ವಿಕಿರಣಕ್ಕೂ ಅರಚಿಕೊಳ್ಳುತ್ತೆ. ಊರಿಗೆಲ್ಲಾ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ.

ಮಾರನೇ ದಿನವೇ ಮರಳಿ ಕೆಲಸಕ್ಕೆ ಬಂದಾಗ ಗೇಟು ಅರಚಿಯೇಬಿಟ್ಟಿತು.

ಅಲ್ಲಿ ತಪಾಸಣೆಗೆ ಇದ್ದದ್ದು ಅವರ ಹತ್ತಿರವೇ ಕಲಿತ ಹುಡುಗಿ. "ಹಾಳಾದ್ದು! ಪಕ್ಕದ ಗೇಟಲ್ಲಿ ಬನ್ನಿ ಸಾರ್" ಅಂದಳು. ಅದೂ ಅರಚಿತು. "ಎರಡೂ ಕೆಟ್ಟಿರಬೇಕು. ನೀವೀಗ ಮನೆಯಿಂದ ಬರ್ತಿರೋರು, ನಿಮಗೆಲ್ಲಿಂದ ವಿಕಿರಣ ಅಂಟುತ್ತೆ? ಹೋಗಿ ಸಾರ್, ನಾನು ನೋಡ್ಕೋತೀನಿ."

ಮೇಷ್ಟ್ರು ಕಾಲು ಎತ್ತಿಯೂ ಬಿಟ್ಟರು. ಒಂದು ಹೆಜ್ಜೆ ಇಟ್ಟಿದ್ದರೆ ಕುರ್ಚಿ ಉಳಿಯುತ್ತಿತ್ತು. ಆದರೆ ಹುಡುಗಿ ಅಷ್ಟು ನಂಬಿಕೆಯಿಂದ ನಗುತ್ತಿದ್ದಳು, ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಎರಡು ಯಂತ್ರ ಒಟ್ಟಿಗೇ ಕೆಡುತ್ತಾ? ಇದನ್ನೇನಾ ನಾನು ನಿನಗೆ ಕಲಿಸಿದ್ದು?" ಅಂತ ಸಿಡುಕಿದರು. ಆಮೇಲೆ ದನಿ ಇಳಿಯಿತು. "ಯಂತ್ರ ಸರಿಯಾಗಿದೆ ಕಣಮ್ಮ. ನನ್ನ ಹೃದಯ ಸರಿಯಿಲ್ಲ. ಅದರ ಪರೀಕ್ಷೆಗೆ ಚುಚ್ಚಿದ ಔಷಧಿ ಇನ್ನೂ ಮೈಯಲ್ಲಿದೆ."

ಹುಡುಗಿ ಅವರನ್ನು ಬೆಂಚಿನ ಮೇಲೆ ಕೂರಿಸಿ, ಸ್ಥಾವರದ ಡಾಕ್ಟರಿಗೆ ಫೋನ್ ಮಾಡಿ, ಮೇಷ್ಟ್ರ ಬ್ಯಾಡ್ಜ್ ತೆಗೆದಿಟ್ಟುಕೊಂಡಳು.

"ಒಳಗೆ ಬಿಡೋ ಹಾಗಿಲ್ವಂತೆ ಸಾರ್. ಮನೆಗೂ ಒಬ್ಬರನ್ನೇ ಕಳಿಸಬೇಡ ಅಂದ್ರು. ಯಾರನ್ನ ಕರೀಲಿ? ನಂಬರ್ ಹೇಳಿ."

ಮೇಷ್ಟ್ರು ಬಾಯಿಗೆ ಬಂದ ನಂಬರ್ ಹೇಳಿದರು. ಒತ್ತುತ್ತಿದ್ದ ಹುಡುಗಿಯ ಬೆರಳು ನಿಂತಿತು.

"ಸಾರ್, ಇದು ಕಂಟ್ರೋಲ್ ರೂಮಿನ ನಂಬರ್."

"ಹೌದಲ್ವಾ" ಅಂದರು ಮೇಷ್ಟ್ರು. ಬೇರೆ ನಂಬರಿಗಾಗಿ ಸ್ವಲ್ಪ ಹೊತ್ತು ಯೋಚಿಸಿದರು. "ಬೇಡ ಬಿಡಮ್ಮ. ಶಿಫ್ಟ್ ನಡೀತಿದೆ. ಯಾರೇ ಕರೆದರೂ ಕುರ್ಚಿ ಬಿಟ್ಟು ಏಳಬಾರದು ಅಂತ ಅವರಿಗೆಲ್ಲ ನಾನೇ ಹೇಳಿಕೊಟ್ಟಿದ್ದೀನಿ."