ಹದಿನೆಂಟನೇ ಕೋಣೆಯ ಷವರ್

ಆರೋಗ್ಯ ಇಲಾಖೆಯ ಮೇಡಂ ಬೆಳಿಗ್ಗೆ ಎಂಟೂವರೆಗೇ ಬಂದು, ಬಾಯ್ಲರ್ ಕೋಣೆಯಲ್ಲಿ ನನ್ನ ಸ್ಟೂಲಿನ ಮೇಲೆ ಕೂತು, ನನ್ನದೇ ರಿಜಿಸ್ಟರ್ ಓದತೊಡಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನು. ಅವರಿನ್ನೂ ಏನೂ ಕೇಳಿರಲಿಲ್ಲ, ನಾನಾಗಲೇ ಬೆವೆತಿದ್ದೆ.

ಹನ್ನೆರಡು ವರ್ಷದಿಂದ ಈ ಆಸ್ಪತ್ರೆಗೆ ನಾನೇ ಪ್ಲಂಬರ್. ನರ್ಸುಗಳು ತಮಾಷೆಗೆ ನಲ್ಲಿರಾಯ ಅನ್ನುತ್ತಾರೆ.

"ಇಲ್ಲಿಂದ ಮನೆಗೆ ಹೋದ ಇಬ್ಬರಿಗೆ ನ್ಯುಮೋನಿಯಾ ಆಗಿದೆ," ಅಂದರು ಮೇಡಂ. "ಲೀಜನೆಲ್ಲಾ. ಪೈಪಲ್ಲಿ ನಿಂತ ನೀರಲ್ಲಿ ಬೆಳೆಯೋ ಬ್ಯಾಕ್ಟೀರಿಯಾ. ಷವರ್ ಬಿಟ್ಟಾಗ ಏಳೋ ಸಣ್ಣ ಹನಿ ಉಸಿರಿನ ಜೊತೆ ಒಳಗೆ ಹೋದ್ರೆ ಕಷ್ಟ. ನಿಯಮ ಗೊತ್ತಲ್ಲ ನಿಮಗೆ?"

ಗೊತ್ತಿಲ್ಲದೆ ಏನು? ಬಾಯ್ಲರಿನಲ್ಲಿ ನೀರು ಅರವತ್ತು ಡಿಗ್ರಿ ಇರಬೇಕು. ಯಾರೂ ಇಲ್ಲದ ಕೋಣೆಯಲ್ಲೂ ವಾರಕ್ಕೊಮ್ಮೆ ಷವರನ್ನು ಐದು ನಿಮಿಷ ಬಿಟ್ಟು, ಶಾಖ ಅಳೆದು, ಬಚ್ಚಲ ಬಾಗಿಲ ಹಿಂದಿನ ಕಾರ್ಡಿನಲ್ಲಿ ಬರೆದು ಸಹಿ ಹಾಕಬೇಕು. ನಲವತ್ತು ಕೋಣೆ. ನಾನು ಮಾಡುತ್ತಿದ್ದದ್ದೇ ಬೇರೆ. ಸೋಮವಾರ ಕಾರ್ಡುಗಳನ್ನೆಲ್ಲ ಕೆಳಗೆ ತಂದು, ಬಾಯ್ಲರಿನ ಪಕ್ಕದ ನಲ್ಲಿಯಲ್ಲಿ ಒಮ್ಮೆ ಅಳೆದು, ಚಹಾ ಕುಡಿಯುತ್ತ ನಲವತ್ತಕ್ಕೂ ಅದೇ ಅಂಕಿ ಗೀಚಿ, ರಿಜಿಸ್ಟರಿಗೂ ಇಳಿಸಿ, ಬೀಗ ಹಾಕಿದ ಕೋಣೆಗಳನ್ನೂ ನನ್ನ ಕೀಲಿಯಿಂದ ತೆರೆದು ಮತ್ತೆ ತೂಗುಹಾಕಿ ಬರುತ್ತಿದ್ದೆ. ಕಾರ್ಡ್ ತೂಗುಹಾಕಲು ಬಚ್ಚಲೊಳಗೆ ಹೋದವನಿಗೆ ಷವರ್ ತಿರುಗಿಸಿದರೆ ಕೈ ಸವೆಯುತ್ತಿತ್ತೇ? ಈಗ ಕೇಳಿಕೊಳ್ಳುತ್ತೇನೆ, ಆಗ ಕೇಳಿಕೊಳ್ಳಲಿಲ್ಲ.

"ಎಲ್ಲಾ ಕೋಣೆಯಲ್ಲೂ ಐವತ್ತೆಂಟು," ಮೇಡಂ ಸಾಲಿನ ಮೇಲೆ ಬೆರಳಿಟ್ಟರು. "ಮೂರನೇ ಮಹಡಿ ಮೂಲೇಲೂ ಐವತ್ತೆಂಟಾ? ಅಷ್ಟು ದೂರ ಹೋಗೋಷ್ಟರಲ್ಲಿ ಒಂದು ಡಿಗ್ರಿನೂ ಇಳಿಯಲ್ವಾ? ಅಲ್ಲಿ ಹದಿನೆಂಟನೇ ಕೋಣೆ ಮೂರು ತಿಂಗಳು ಬೀಗ ಹಾಕಿತ್ತಂತೆ. ನಿಜವಾಗ್ಲೂ ನೀರು ಬಿಟ್ಟಿದ್ರಾ?"

ಹಿಂದಿನ ಸಂಜೆಯಷ್ಟೇ ಆ ಬೀಗ ತೆಗೆಸಿದವನು ನಾನೇ. ಮಂಡಿ ಆಪರೇಷನ್ನಿಗೆ ಬಂದ ನನ್ನ ಅಕ್ಕನಿಗೆ ಗಲಾಟೆಯಿಲ್ಲದ ಕೋಣೆ ಬೇಕೆಂದು ಹೆಡ್ ನರ್ಸಿಗೆ ಗೋಗರೆದು ಕೊಡಿಸಿದ್ದೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ಅಕ್ಕ, ಉಬ್ಬಸದ ಅಕ್ಕ. ಆಪರೇಷನ್ನಿಗೆ ಮುಂಚೆ ಒಂಬತ್ತಕ್ಕೆ ಅವಳು ಸ್ನಾನ ಮಾಡಬೇಕಿತ್ತು.

ಒಂಬತ್ತಕ್ಕೆ ಎಂಟು ನಿಮಿಷ ಇತ್ತು. ಸುಳ್ಳು ಹೇಳಿ, ಓಡಿಹೋಗಿ ತಡೆದರೆ ಅಕ್ಕನೂ ಉಳಿಯುತ್ತಾಳೆ, ಕೆಲಸವೂ ಉಳಿಯುತ್ತದೆ ಅನ್ನಿಸಿತು.

"ಬಿಟ್ಟಿದ್ದೆ ಮೇಡಂ. ಮೇಲೆ ಒಂದು ವಾಲ್ವ್ ಸೋರ್ತಿದೆ, ಈಗ ಬಂದೆ," ಅಂದವನೇ ಒಂದೊಂದು ಹೆಜ್ಜೆಗೆ ಎರಡೆರಡು ಮೆಟ್ಟಿಲು ಹತ್ತಿದೆ.

ಅಕ್ಕ ಮಂಚದ ಮೇಲೆ ಕೂತು ಒದ್ದೆ ತಲೆ ಬಾಚಿಕೊಳ್ಳುತ್ತಿದ್ದಳು.

"ಬೇಗ ಮುಗಿಸಿಬಿಟ್ಟೆ ಕಣೋ," ಅಂದಳು. "ಮೊದಲು ನೀರು ಕಂದು ಬಣ್ಣ ಬಂತು. ಇವತ್ತು ಸ್ನಾನನೇ ಬೇಡ ಅಂದ್ಕೊಂಡೆ. ಆಮೇಲೆ ಬಾಗಿಲ ಹಿಂದೆ ಕಾರ್ಡ್ ನೋಡಿದೆ, ನಿನ್ನ ಸಹಿ ಇತ್ತು. ನನ್ನ ತಮ್ಮ ನೋಡಿದ ಮೇಲೆ ಇನ್ನೇನು ಅಂತ ಹತ್ತು ನಿಮಿಷ ಆರಾಮಾಗಿ ನಿಂತ್ಕೊಂಡೆ."

ಏನೂ ಆಗದೆ ಇರಬಹುದು, ಎಲ್ಲರಿಗೂ ಕಾಯಿಲೆ ಬರುತ್ತದೆಯೇ? ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತದೆ? ಅಷ್ಟರಲ್ಲಿ ಮೇಡಂ ಏದುಸಿರು ಬಿಡುತ್ತ, ಪರೀಕ್ಷೆಗೆ ನೀರು ತುಂಬಿಕೊಳ್ಳುವ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತರು. ಅಕ್ಕ ಇಬ್ಬರನ್ನೂ ನೋಡಿ ನಕ್ಕಳು. ಆ ನಗುವನ್ನು ನನಗೆ ತಾಳಲಾಗಲಿಲ್ಲ.

"ಬಿಟ್ಟಿಲ್ಲ ಮೇಡಂ," ಅಂದೆ. "ಮೂರು ತಿಂಗಳಿಂದ ಈ ಷವರ್ ಮುಟ್ಟೇ ಇಲ್ಲ. ಸಹಿ ಎಲ್ಲಾ ಸುಳ್ಳು. ಇವಳು ಈಗಷ್ಟೇ ಇದರಲ್ಲೇ ಸ್ನಾನ ಮಾಡಿದಾಳೆ. ನಮ್ಮಕ್ಕ."

ಅಕ್ಕ ಬಾಚಣಿಗೆ ಕೆಳಗಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಪರೇಷನ್ ನಿಂತಿತು. ಮಧ್ಯಾಹ್ನದೊಳಗೆ ಇಡೀ ಆಸ್ಪತ್ರೆಯ ಷವರುಗಳಿಗೆ ಬೀಗಮುದ್ರೆ ಬಿತ್ತು, ನನ್ನನ್ನು ಕೆಲಸದಿಂದ ಅಮಾನತು ಮಾಡಿದರು. ಅಕ್ಕನನ್ನು ಬೇರೆ ಕೋಣೆಗೆ ಹಾಕಿ, ದಿನಕ್ಕೆ ನಾಲ್ಕು ಸಲ ಜ್ವರ ನೋಡಿದರು. ಮೊದಲ ಮೂರು ದಿನ ಏನೂ ಇರಲಿಲ್ಲ. ನಾಲ್ಕನೇ ದಿನ ಸಂಜೆ ನೂರಾ ಮೂರು.

ಒಂದು ಗಂಟೆಯೊಳಗೆ ಔಷಧಿ ಶುರುವಾಯಿತು. "ಷವರ್ ವಿಷಯ ಗೊತ್ತಿಲ್ದೆ ಇದ್ದಿದ್ರೆ ಮಾಮೂಲಿ ನ್ಯುಮೋನಿಯಾ ಅಂತ ಬೇರೇನೋ ಕೊಡ್ತಿದ್ವಿ. ಉಬ್ಬಸದವರು, ತಡ ಆಗಿದ್ರೆ ಕೈ ಮೀರೋದು," ಅಂದರು ಡಾಕ್ಟರು. ಆರು ದಿನ ಅವಳು ಆಕ್ಸಿಜನ್ನಿನಲ್ಲಿದ್ದಳು. ಆರು ದಿನವೂ ನಾನು ಗಾಜಿನ ಈಚೆ ನಿಂತು ಅವಳ ಎದೆ ಏರಿಳಿಯುವುದನ್ನು ಎಣಿಸಿದೆ.

ಮೂರು ವಾರದ ಮೇಲೆ ಅವಳನ್ನು ನಮ್ಮ ಮನೆಗೇ ಕರೆತಂದೆ. ಮರುದಿನ ಬೆಳಿಗ್ಗೆ ಟವೆಲ್ ಹಿಡಿದು ಬಚ್ಚಲ ಬಾಗಿಲ ತನಕ ಬಂದವಳು ಹೊಸ್ತಿಲಲ್ಲೇ ನಿಂತಳು.

"ನೀರು ಸರಿ ಇದೆ ಅಕ್ಕ, ಹೋಗು," ಅಂದೆ.

ಅವಳು ಒಳಗೆ ಹೋಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು:

"ನೋಡಿ ಹೇಳ್ತಿದ್ದೀಯೋ, ಸುಮ್ನೆ ಹೇಳ್ತಿದ್ದೀಯೋ?"